ಕಿಟ್ ಬಿಯರ್ ಕೈಕೊಟ್ಟಾಗ: ಲಕ್ಷಣ ನೋಡಿ ದೋಷ ಪತ್ತೆ ಮಾಡುವ ಕೈಪಿಡಿ

ಹಾಪ್ಸ್ (ಬಿಯರಿಗೆ ಕಹಿ ಕೊಡುವ ಹೂ) ಸೇರಿಸಿ ಗಟ್ಟಿಯಾಗಿಸಿದ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ಸಾರದ ಒಂದು ಡಬ್ಬ, ಅದರ ಮುಚ್ಚಳದ ಕೆಳಗೆ ಒಂದು ಪುಟ್ಟ ಯೀಸ್ಟ್ ಪೊಟ್ಟಣ, ಸುಮಾರು ಒಂದು ಕಿಲೋ ಸಕ್ಕರೆ, 20ರಿಂದ 23 ಲೀಟರ್ ನೀರು: ಕಿಟ್ ಬಿಯರಿಗೆ ಬೇಕಾದ ಸಾಮಗ್ರಿ ಇಷ್ಟೇ. ಧಾನ್ಯವನ್ನು ನೆನೆಸಿ ಸಿಹಿ ತೆಗೆಯುವ, ಹಾಪ್ಸ್ ಕುದಿಸುವ ಕಷ್ಟದ ಕೆಲಸಗಳನ್ನು ತಯಾರಕರೇ ಮುಗಿಸಿ ಕೊಟ್ಟಿರುವುದರಿಂದ ಮನೆಯಲ್ಲಿ ತಪ್ಪಾಗುವ ಜಾಗಗಳು ಕಡಿಮೆ. ಹೆಚ್ಚಿನ ದೋಷಗಳ ಬೇರು ಸ್ವಚ್ಛತೆ, ಉಷ್ಣತೆ, ಯೀಸ್ಟಿನ ಆರೋಗ್ಯ ಅಥವಾ ಆತುರ, ಈ ನಾಲ್ಕರಲ್ಲಿ ಒಂದರಲ್ಲಿ ಇರುತ್ತದೆ. ನನ್ನ ಅನುಭವದಲ್ಲಿ ಕೊನೆಯದೇ ಅತಿ ಹೆಚ್ಚು ಬಿಯರನ್ನು ಕೆಡಿಸಿದೆ. ಕೆಟ್ಟಿದೆ ಎಂದು ಜನ ಚೆಲ್ಲಿದ ಬಿಯರಿನಲ್ಲಿ ಎಷ್ಟೋ ಪಾಲು ಇನ್ನೂ ಹುದುಗುತ್ತಿದ್ದ ಒಳ್ಳೆಯ ಬಿಯರೇ ಆಗಿತ್ತೆಂದು ನಾನು ನಂಬಿದ್ದೇನೆ.

ಮನೆಯಲ್ಲಿ ಬಿಯರ್ ತಯಾರಿಸಲು ಎಲ್ಲ ಕಡೆಯೂ ಕಾನೂನಿನ ಅನುಮತಿ ಇರುವುದಿಲ್ಲ. ನೀವಿರುವ ಕಡೆಯ ನಿಯಮವನ್ನು ಮೊದಲು ತಿಳಿದುಕೊಳ್ಳಿ. ಹುದುಗಿಸಿದ ಬಿಯರನ್ನು ಭಟ್ಟಿ ಇಳಿಸುವುದು ಸಂಪೂರ್ಣ ಬೇರೆಯೇ ಆದ, ಬೆಂಕಿ ಮತ್ತು ವಿಷದ ಅಪಾಯವುಳ್ಳ ಕೆಲಸ. ಅದಕ್ಕೆ ಈ ಬರಹದಲ್ಲಿ ಎಡೆಯಿಲ್ಲ.

ಏನನ್ನೂ ಮಾಡುವ ಮುನ್ನ: ಹೈಡ್ರೋಮೀಟರ್ ಸರಿಯಾಗಿ ಓದಿ

ಮುಂದೆ ಬರುವ ಬಹುಪಾಲು ಪ್ರಶ್ನೆಗಳಿಗೆ ಉತ್ತರ ಕೊಡುವುದು ಹೈಡ್ರೋಮೀಟರ್, ಅಂದರೆ ನೀರಿಗೆ ಹೋಲಿಸಿ ದ್ರವದ ಸಾಂದ್ರತೆ ತೋರಿಸುವ ತೇಲುಗೊಳವೆ; ಸಕ್ಕರೆ ಹುದುಗಿದಂತೆ ಈ ಅಂಕಿ ಇಳಿಯುತ್ತದೆ. ಆದ್ದರಿಂದ ಮೊದಲು ಅದನ್ನೇ ಪರೀಕ್ಷಿಸಬೇಕು. ಅದರ ಮೇಲೆ ನಮೂದಿಸಿದ ಉಷ್ಣತೆಯಲ್ಲಿ, ಸಾಮಾನ್ಯವಾಗಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಶುದ್ಧ ನೀರಿನೊಳಗೆ ತೇಲಿಬಿಟ್ಟರೆ ಅದು 1.000 ತೋರಿಸಬೇಕು. ತೋರಿಸದಿದ್ದರೆ ಎಷ್ಟು ವ್ಯತ್ಯಾಸವಿದೆಯೋ ಅಷ್ಟನ್ನು ಪ್ರತಿ ಸಲವೂ ಕೂಡಿಸಿ ಅಥವಾ ಕಳೆದು ಲೆಕ್ಕ ಹಾಕಿ. ಮಾದರಿ ದ್ರವ 30 ಡಿಗ್ರಿ ಇದ್ದರೆ ಓದು ಸುಮಾರು 0.002ರಿಂದ 0.003ರಷ್ಟು ಕಡಿಮೆ ಬರುತ್ತದೆ. ಹುದುಗುತ್ತಿರುವ ಬಿಯರಿನ ಗುಳ್ಳೆಗಳು ಹೈಡ್ರೋಮೀಟರಿಗೆ ಅಂಟಿಕೊಂಡು ಅದನ್ನು ಮೇಲೆತ್ತುವುದರಿಂದ ಓದು ಹೆಚ್ಚಾಗಿಯೂ ಕಾಣಬಹುದು. ಒಮ್ಮೆ ತಿರುಗಿಸಿ ಬಿಟ್ಟರೆ ಗುಳ್ಳೆಗಳು ಕಳಚಿಕೊಳ್ಳುತ್ತವೆ. ವಕ್ರೀಭವನಮಾಪಕ (ಬೆಳಕು ಬಾಗುವುದನ್ನು ನೋಡಿ ಸಕ್ಕರೆ ಅಳೆಯುವ ಸಾಧನ) ಬಳಸುವವರು ಒಂದು ಮಾತು ನೆನಪಿಡಬೇಕು: ಆಲ್ಕೊಹಾಲ್ ಸೇರಿದ ಮೇಲೆ ಅದರ ನೇರ ಓದು ತಪ್ಪು ತೋರಿಸುತ್ತದೆ, ತಿದ್ದುಪಡಿ ಸೂತ್ರ ಬಳಸದೆ ಅದನ್ನು ನಂಬುವಂತಿಲ್ಲ.

1.7 ಕಿಲೋ ಸಾರಕ್ಕೆ ಒಂದು ಕಿಲೋ ಗ್ಲೂಕೋಸ್ ಸಕ್ಕರೆ, ಅಂದರೆ ಡೆಕ್ಸ್‌ಟ್ರೋಸ್ ಸೇರಿಸಿ 23 ಲೀಟರಿಗೆ ಏರಿಸಿದರೆ ಆರಂಭದ ಸಾಂದ್ರತೆ 1.038ರ ಆಸುಪಾಸಿನಲ್ಲಿ ಇರುತ್ತದೆ. ನಿಮ್ಮ ಓದು ಇದಕ್ಕಿಂತ ತೀರಾ ಬೇರೆಯಾಗಿದ್ದರೆ ಸಾರ ತಳದಲ್ಲಿ ಕೂತು ನೀರು ಮೇಲುಳಿದಿರುವ ಸಾಧ್ಯತೆಯೇ ಹೆಚ್ಚು. ಯೀಸ್ಟ್ ಹಾಕುವ ಮುನ್ನ ಚೆನ್ನಾಗಿ ಕಲಕಿ ಮತ್ತೆ ನೋಡಿ. ಒಂದು ಸಲ ತೆಗೆದ ಮಾದರಿಯನ್ನು ಪಾತ್ರೆಗೆ ಮರಳಿ ಸುರಿಯಬೇಡಿ.

ಏರ್‌ಲಾಕ್‌ನಲ್ಲಿ ಗುಳ್ಳೆಯೇ ಬರುತ್ತಿಲ್ಲ

ಹೊಸಬರನ್ನು ಅತಿ ಹೆಚ್ಚು ಕಂಗೆಡಿಸುವ ಲಕ್ಷಣ ಇದು. ಏರ್‌ಲಾಕ್ ಎಂದರೆ ಒಳಗಿನ ಅನಿಲವನ್ನು ಹೊರಬಿಟ್ಟು ಗಾಳಿಯನ್ನು ಒಳಬಿಡದ, ಮುಚ್ಚಳದ ಮೇಲಿನ ನೀರು ತುಂಬಿದ ಪುಟ್ಟ ಸಾಧನ. ಯೀಸ್ಟ್ ಹಾಕಿ 24 ಗಂಟೆ ಕಳೆದಿಲ್ಲದಿದ್ದರೆ ಕಾಯುವುದೇ ಮದ್ದು. ಒಣ ಯೀಸ್ಟ್ ಎಚ್ಚೆತ್ತು ಸಂಖ್ಯೆ ಹೆಚ್ಚಿಸಿಕೊಳ್ಳಲು 12ರಿಂದ 24 ಗಂಟೆ ಬೇಕಾಗುತ್ತದೆ, ಹವೆ ತಂಪಾಗಿದ್ದರೆ ಇನ್ನೂ ಹೆಚ್ಚು.

ಅಷ್ಟು ಸಮಯ ಕಳೆದಿದ್ದರೆ ಮುಚ್ಚಳ ತೆರೆಯದೆ ಹೊರಗಿನಿಂದಲೇ ನೋಡಿ. ಪಾತ್ರೆಯ ಒಳಗೋಡೆಯಲ್ಲಿ ದ್ರವದ ಮಟ್ಟಕ್ಕಿಂತ ಮೇಲೆ ಕಂದು ಬಣ್ಣದ ಕರೆ ಇದೆಯೇ, ಮೇಲ್ಮೈಯಲ್ಲಿ ನೊರೆ ಇದೆಯೇ, ಮುಚ್ಚಳದ ಒಳಭಾಗದಲ್ಲಿ ನೀರ ಹನಿಗಳು ಮೂಡಿವೆಯೇ? ಇವು ಕಂಡರೆ ಹುದುಗು ನಡೆಯುತ್ತಿದೆ, ಅನಿಲ ಮಾತ್ರ ಏರ್‌ಲಾಕನ್ನು ಬಿಟ್ಟು ಬೇರೆ ದಾರಿಯಲ್ಲಿ ಹೊರಹೋಗುತ್ತಿದೆ. ಮುಚ್ಚಳವನ್ನು ನಿಧಾನವಾಗಿ ಒತ್ತಿದಾಗ ಏರ್‌ಲಾಕ್‌ನ ನೀರು ಏರಿ ತಕ್ಷಣ ಇಳಿದರೆ ಸೋರಿಕೆ ಖಚಿತ. ರಬ್ಬರ್ ಉಂಗುರ ಮಡಚಿಕೊಂಡಿದೆಯೇ, ಮುಚ್ಚಳ ಓರೆಯಾಗಿ ಕೂತಿದೆಯೇ ನೋಡಿ. ಹುದುಗು ಜೋರಾಗಿರುವಾಗ ಈ ಸೋರಿಕೆಯಿಂದ ಬಿಯರಿಗೆ ಹೇಳಿಕೊಳ್ಳುವಂಥ ಹಾನಿಯಿಲ್ಲ, ಏಕೆಂದರೆ ಇಂಗಾಲದ ಡೈಆಕ್ಸೈಡ್ ಒಳಗಿನಿಂದ ಹೊರಗೆ ಹರಿಯುತ್ತಲೇ ಇರುತ್ತದೆ. ಹುದುಗು ನಿಂತ ಮೇಲೆ ಮಾತ್ರ ಅದೇ ಸಂದಿನಿಂದ ಗಾಳಿ ಒಳಬರುತ್ತದೆ.

ನೊರೆಯೂ ಇಲ್ಲ, ಕರೆಯೂ ಇಲ್ಲ ಎಂದಾದರೆ ಉಷ್ಣತೆ ಅಳೆಯಿರಿ. ಬೆಚ್ಚಗೆ ಹುದುಗುವ ಏಲ್ ಬಗೆಯ ಬಿಯರಿನ ಯೀಸ್ಟಿಗೆ 18ರಿಂದ 22 ಡಿಗ್ರಿ ಹಿತ. 15ಕ್ಕಿಂತ ಕೆಳಗೆ ಇಳಿದರೆ ಅನೇಕ ಕಿಟ್ ಯೀಸ್ಟುಗಳು ನಿದ್ದೆಗೆ ಜಾರುತ್ತವೆ, ಪಾತ್ರೆಯನ್ನು ಬೆಚ್ಚಗಿನ ಕೋಣೆಗೆ ಸರಿಸಿದರೆ ಮತ್ತೆ ಏಳುತ್ತವೆ. ಬಿಸಿ ನೀರಿನಲ್ಲಿ ಸಾರ ಕರಗಿಸಿ, ತಣಿಯುವ ಮುನ್ನವೇ ಯೀಸ್ಟ್ ಉದುರಿಸಿದ್ದರೆ ಕಥೆ ಬೇರೆ: 40 ಡಿಗ್ರಿ ಮೀರಿದ ದ್ರವದಲ್ಲಿ ಯೀಸ್ಟ್ ಸಾಯತೊಡಗುತ್ತದೆ, ಸತ್ತ ಯೀಸ್ಟನ್ನು ಎಬ್ಬಿಸುವ ಉಪಾಯವಿಲ್ಲ. ಪೊಟ್ಟಣದ ಅವಧಿ ಮುಗಿದಿದ್ದರೂ, ಅಂಗಡಿಯ ಬಿಸಿಲಿನಲ್ಲಿ ಡಬ್ಬ ತಿಂಗಳುಗಟ್ಟಲೆ ಕೂತಿದ್ದರೂ ಇದೇ ಗತಿ. 48 ಗಂಟೆಯ ನಂತರವೂ ಸಾಂದ್ರತೆ ಒಂದಿಷ್ಟೂ ಇಳಿದಿಲ್ಲವೆಂದರೆ ಹೊಸ ಯೀಸ್ಟ್ ಹಾಕಿ. ಯೀಸ್ಟಿನ ಹತ್ತು ಪಟ್ಟು ತೂಕದ, 30ರಿಂದ 35 ಡಿಗ್ರಿಯ, ಕುದಿಸಿ ಆರಿಸಿದ ನೀರಿನ ಮೇಲೆ ಯೀಸ್ಟ್ ಉದುರಿಸಿ, 15 ನಿಮಿಷ ಬಿಟ್ಟು, ನಿಧಾನವಾಗಿ ಕಲಕಿ ಸೇರಿಸಿದರೆ ಅದರ ಆರಂಭ ಚುರುಕಾಗುತ್ತದೆ. ಮುಚ್ಚಳದಡಿಯ ಪೊಟ್ಟಣದಲ್ಲಿ ಸಾಮಾನ್ಯವಾಗಿ 5ರಿಂದ 7 ಗ್ರಾಂ ಯೀಸ್ಟ್ ಮಾತ್ರ ಇರುತ್ತದೆ. ಬಿಡಿಯಾಗಿ ಸಿಗುವ 11 ಗ್ರಾಂ ಪೊಟ್ಟಣವನ್ನು ಮೊದಲೇ ಬಳಸಿದರೆ ಈ ಸಮಸ್ಯೆಯೂ ಮುಂದಿನದೂ ಬಹಳಷ್ಟು ತಪ್ಪುತ್ತವೆ.

ಇಲ್ಲಿ ನಿಲ್ಲಬೇಕಾದ ಗೆರೆಯೊಂದಿದೆ. ಹುದುಗದ ಸಿಹಿ ದ್ರವದಲ್ಲಿ ಬಿಯರಿಗೆ ರಕ್ಷಣೆ ಕೊಡುವ ಆಲ್ಕೊಹಾಲ್ ಆಗಲಿ ಸಾಕಷ್ಟು ಆಮ್ಲೀಯತೆಯಾಗಲಿ ಇರುವುದಿಲ್ಲ. ಮುಚ್ಚಿದ ಪಾತ್ರೆಯಲ್ಲಿ, ಕೋಣೆಯ ಉಷ್ಣತೆಯಲ್ಲಿ ಮೂರು ನಾಲ್ಕು ದಿನ ಹಾಗೆಯೇ ಕೂತ ದ್ರವದಲ್ಲಿ ಅಪಾಯಕಾರಿ ಬ್ಯಾಕ್ಟೀರಿಯಾ ಬೆಳೆಯಬಹುದು, ವಾಸನೆಯಿಂದ ಅದು ತಿಳಿಯದೇ ಹೋಗಬಹುದು. ಅದನ್ನು ರುಚಿ ನೋಡದೆ ಚೆಲ್ಲಿ.

ಹುದುಗು ಅರ್ಧದಲ್ಲೇ ನಿಂತುಹೋಗಿದೆ

ಎರಡು ದಿನದ ಅಂತರದಲ್ಲಿ ತೆಗೆದ ಓದುಗಳು ಒಂದೇ ಆಗಿದ್ದು, ಆ ಅಂಕಿ ನಿರೀಕ್ಷೆಗಿಂತ ಮೇಲಿದ್ದರೆ ಮಾತ್ರ ಹುದುಗು ನಿಂತಿದೆ ಎನ್ನಬೇಕು. ಗುಳ್ಳೆ ನಿಂತಿದೆ ಎಂಬ ಕಾರಣಕ್ಕೆ ಅಲ್ಲ. ಡೆಕ್ಸ್‌ಟ್ರೋಸ್ ಬಳಸಿದ ಸಾಮಾನ್ಯ ಕಿಟ್ 1.006ರಿಂದ 1.010ರ ನಡುವೆ ಮುಗಿಯುತ್ತದೆ. ಸಕ್ಕರೆಯ ಬದಲು ಪೂರ್ತಿ ಮಾಲ್ಟ್ ಬಳಸಿದ್ದರೆ 1.012ರಿಂದ 1.016ರವರೆಗೆ ಉಳಿಯುವುದು ಸಹಜ, ಏಕೆಂದರೆ ಮಾಲ್ಟಿನಲ್ಲಿ ಯೀಸ್ಟ್ ಅರಗಿಸಿಕೊಳ್ಳಲಾಗದ ಸಕ್ಕರೆಗಳು ಹೆಚ್ಚು. 1.020ರಲ್ಲಿ ಬಂದು ನಿಲ್ಲುವುದು ಕಿಟ್ ಬಿಯರಿನವರಿಗೆಲ್ಲ ಪರಿಚಿತ ತೊಂದರೆ.

ಖರ್ಚಿಲ್ಲದ ಪರಿಹಾರ ಮೊದಲು. ಪಾತ್ರೆಯನ್ನು 20ರಿಂದ 22 ಡಿಗ್ರಿ ಇರುವಲ್ಲಿಗೆ ಸರಿಸಿ, ತಳದಲ್ಲಿ ಕೂತ ಯೀಸ್ಟ್ ಮೇಲೇಳುವಷ್ಟು ಮೆಲ್ಲಗೆ ಸುತ್ತಿಸಿ, ಮೂರು ದಿನ ಬಿಡಿ. ಮುಚ್ಚಳ ತೆಗೆದು ಚಮಚದಿಂದ ಬಡಿಯಬಾರದು; ಈ ಹಂತದಲ್ಲಿ ಸೇರಿದ ಆಮ್ಲಜನಕ ಬಿಯರಿನ ರುಚಿಯನ್ನು ಕೆಡಿಸುತ್ತದೆ. ಆಗಲೂ ಅಂಕಿ ಅಲುಗದಿದ್ದರೆ ಹೊಸ ಯೀಸ್ಟನ್ನು ಮೇಲೆ ಹೇಳಿದಂತೆ ನೆನೆಸಿ, ಅದಕ್ಕೆ ನಿಂತುಹೋದ ಬಿಯರನ್ನೇ ಸ್ವಲ್ಪ ಸ್ವಲ್ಪ ಸೇರಿಸಿ ಒಗ್ಗಿಸಿ, ನಂತರ ಪಾತ್ರೆಗೆ ಹಾಕಿ. ಅದೂ ಫಲ ಕೊಡದಿದ್ದರೆ, ಬಹುಶಃ ಅದು ಅಲ್ಲಿಗೇ ಮುಗಿಯುವ ಬಿಯರ್. ಹಾಗೆಂದು ತೀರ್ಮಾನಿಸುವ ಮುನ್ನ ಇನ್ನೊಂದು ವಾರ ಕಾಯಿರಿ. ಯೀಸ್ಟಿನ ಗಸಿಯ ಮೇಲೆ ಮೂರು ನಾಲ್ಕು ವಾರ ಕೂತರೆ ಬಿಯರಿಗೆ ಏನೂ ಆಗುವುದಿಲ್ಲ.

ನೊರೆ ಏರ್‌ಲಾಕ್‌ನಿಂದ ಉಕ್ಕುತ್ತಿದೆ

ಇದು ದೋಷವಲ್ಲ, ಜಾಗದ ಕೊರತೆ. 25 ಲೀಟರಿನ ಪಾತ್ರೆಯಲ್ಲಿ 23 ಲೀಟರ್ ತುಂಬಿದರೆ ನೊರೆಗೆ ತಾಣವೇ ಇರುವುದಿಲ್ಲ. ಅಪಾಯವಿರುವುದು ಹಾಪ್ಸಿನ ಚೂರು ಅಥವಾ ಗಟ್ಟಿ ನೊರೆ ಏರ್‌ಲಾಕನ್ನು ಕಟ್ಟಿದಾಗ: ಒಳಗೆ ಒತ್ತಡ ಏರಿ ಮುಚ್ಚಳ ಹಾರಬಹುದು, ಗಾಜಿನ ಪಾತ್ರೆಯಾದರೆ ಒಡೆಯಬಹುದು. ಮುಚ್ಚಳ ಉಬ್ಬಿ ನಿಂತಿದ್ದರೆ ಮುಖವನ್ನು ದೂರವಿಟ್ಟು, ಅಂಚನ್ನು ಒಂದು ಬಟ್ಟೆಯಿಂದ ಹಿಡಿದು, ಸ್ವಲ್ಪವೇ ಸಡಿಲಿಸಿ ಅನಿಲ ಬಿಡಿ. ಬಳಿಕ ಏರ್‌ಲಾಕ್ ತೆಗೆದು, ಅದೇ ರಂಧ್ರಕ್ಕೆ ಅಗಲವಾದ ಕೊಳವೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಸ್ಯಾನಿಟೈಸರ್ ತುಂಬಿದ ಜಾಡಿಯಲ್ಲಿ ಮುಳುಗಿಸಿ.

23 ಲೀಟರಿನ ಒಂದು ಸಾಮಾನ್ಯ ತಯಾರಿ ಹುದುಗುವಾಗ 350 ಲೀಟರಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತದೆ. ಗಾಳಿಯಾಡುವ ಕೋಣೆಯಲ್ಲಿ ಇದರಿಂದ ತೊಂದರೆಯಿಲ್ಲ. ಕಿಟಕಿಯಿಲ್ಲದ ಕಿರಿದಾದ ಉಗ್ರಾಣದಲ್ಲಿ ಹಲವು ಪಾತ್ರೆಗಳನ್ನು ಒಟ್ಟಿಗೆ ಇಡುವುದು, ಅಲ್ಲಿ ಮಲಗುವುದು ತಪ್ಪು. ಒಳಹೊಕ್ಕಾಗ ತಲೆನೋವು, ಏದುಸಿರು, ತಲೆಸುತ್ತು ಕಾಣಿಸಿದರೆ ತಕ್ಷಣ ಹೊರಬಂದು ಬಾಗಿಲು ತೆರೆದಿಡಿ.

ಮೇಲ್ಮೈಯಲ್ಲಿ ಏನೋ ತೇಲುತ್ತಿದೆ

ಕಂದು ಗಡ್ಡೆಗಳಂತೆ ತೇಲುವುದು, ಬೆಣ್ಣೆಬಣ್ಣದ ತೆಪ್ಪಗಳಂತೆ ಕಾಣುವುದು ಯೀಸ್ಟ್ ಮತ್ತು ಹಾಪ್ಸಿನ ಅಂಟು, ಇವು ಸಹಜ. ಒಣಗಿದ, ಸುಕ್ಕುಗಟ್ಟಿದ ಬಿಳಿ ಪೊರೆ ಮೇಲೆಲ್ಲ ಹರಡಿ, ಅದರಡಿ ದೊಡ್ಡ ಗುಳ್ಳೆಗಳು ಸಿಕ್ಕಿಕೊಂಡಂತೆ ಕಂಡರೆ ಕಾಡು ಯೀಸ್ಟ್ ಅಥವಾ ಬ್ಯಾಕ್ಟೀರಿಯಾ ನೆಲೆಸಿದೆ ಎಂದರ್ಥ. ಇಂಥ ಬಿಯರ್ ಹುಳಿಯಾಗುತ್ತದೆಯೇ ಹೊರತು ಸಾಮಾನ್ಯವಾಗಿ ಅಪಾಯಕಾರಿಯಲ್ಲ, ಏಕೆಂದರೆ ಹುದುಗು ಮುಗಿದ ಬಿಯರಿನ ಆಮ್ಲೀಯತೆ, ಆಲ್ಕೊಹಾಲ್, ಹಾಪ್ಸ್ ಮೂರೂ ಸೇರಿ ರೋಗ ತರುವ ಸೂಕ್ಷ್ಮಜೀವಿಗಳನ್ನು ತಡೆಯುತ್ತವೆ. ಆದರೆ ಇದನ್ನು ಬಾಟಲಿಗೆ ತುಂಬಬಾರದು, ಕಾಡು ಯೀಸ್ಟ್ ಅಲ್ಲಿಯೂ ಸಕ್ಕರೆ ತಿನ್ನುತ್ತ ಒತ್ತಡ ಏರಿಸುತ್ತಲೇ ಹೋಗುತ್ತದೆ. ಹಸಿರು, ನೀಲಿ ಅಥವಾ ಕಪ್ಪು ಬಣ್ಣದ, ರೋಮದಂತೆ ಮೇಲೆದ್ದ ಬೂಷ್ಟು ಕಂಡರೆ ಚರ್ಚೆಯೇ ಬೇಡ: ಮೇಲಿನದನ್ನು ಕೆನೆಯಂತೆ ತೆಗೆದು ಉಳಿಸಿಕೊಳ್ಳುವ ಯತ್ನ ಮಾಡದೆ ಇಡೀ ಪಾತ್ರೆಯನ್ನು ಚೆಲ್ಲಿ.

ಸೋಂಕು ಎಲ್ಲಿಂದ ಬಂತೆಂದು ಹುಡುಕುವಾಗ ನಾನು ಮೊದಲು ಬಿಚ್ಚುವುದು ಪಾತ್ರೆಯ ನಲ್ಲಿಯನ್ನು. ಅದರ ಒಳಗೆ, ವಾಷರಿನ ಹಿಂದೆ ಹಿಂದಿನ ಸಲದ ಬಿಯರ್ ಕೊಳೆತು ಕೂತಿರುತ್ತದೆ, ಹೊರಗಿನಿಂದ ಎಷ್ಟು ತೊಳೆದರೂ ಅದು ಹೋಗುವುದಿಲ್ಲ. ನಂತರ ಸೈಫನ್ ಕೊಳವೆ, ಆಮೇಲೆ ಪ್ಲಾಸ್ಟಿಕ್ ಪಾತ್ರೆಯ ಗೀರುಗಳು. ಗೀರು ಬಿದ್ದ ಪಾತ್ರೆಯನ್ನೂ ಹಳೆಯ ಕೊಳವೆಯನ್ನೂ ಬದಲಿಸುವುದೇ ಲೇಸು. ಕೊಳೆ ಹೋಗದ ಮೇಲ್ಮೈಯನ್ನು ಯಾವ ಸ್ಯಾನಿಟೈಸರ್ ಕೂಡ ಶುದ್ಧಿ ಮಾಡಲಾರದು. ಮೊದಲು ತೊಳೆಯುವುದು, ಆಮೇಲೆ ಕ್ರಿಮಿಶುದ್ಧಿ. ಬ್ಲೀಚ್ ಬಳಸುವವರು ಅದನ್ನು ವಿನೆಗರ್ ಅಥವಾ ಬೇರೆ ಯಾವುದೇ ಆಮ್ಲದ ಜೊತೆ, ಅಮೋನಿಯಾ ಇರುವ ಕ್ಲೀನರ್ ಜೊತೆ ಎಂದಿಗೂ ಬೆರೆಸಬಾರದು. ಹುಟ್ಟುವ ಅನಿಲಗಳು ಶ್ವಾಸಕೋಶಕ್ಕೆ ವಿಷ.

ವಾಸನೆ, ರುಚಿ ಸರಿಯಿಲ್ಲ

ಕೊಳೆತ ಮೊಟ್ಟೆಯ ವಾಸನೆ ಹೊಸಬರನ್ನು ಹೆದರಿಸುತ್ತದೆ, ಆದರೆ ಅದು ಯೀಸ್ಟ್, ವಿಶೇಷವಾಗಿ ತಂಪಿನಲ್ಲಿ ಹುದುಗುವ ಲಾಗರ್ ಬಗೆಯ ಯೀಸ್ಟ್, ಹೊರಹಾಕುವ ಹೈಡ್ರೋಜನ್ ಸಲ್ಫೈಡ್ ಮಾತ್ರ. ಒಂದೆರಡು ವಾರದಲ್ಲಿ ತಾನಾಗಿ ಹಾರಿಹೋಗುತ್ತದೆ. ಹಸಿರು ಸೇಬಿನ ವಾಸನೆ ಬಿಯರ್ ಇನ್ನೂ ಎಳೆಯದೆಂಬುದರ ಗುರುತು. ಯೀಸ್ಟ್ ತಾನೇ ಬಿಟ್ಟ ಅಸಿಟಾಲ್ಡಿಹೈಡನ್ನು ಮರಳಿ ತೆಗೆದುಕೊಳ್ಳಲು ಅದಕ್ಕೆ ಸಮಯ ಕೊಡಿ. ಬೆಣ್ಣೆಯ ಜಿಡ್ಡು ರುಚಿಗೆ ಕಾರಣ ಡೈಅಸಿಟೈಲ್. ಹುದುಗಿನ ಕೊನೆಯಲ್ಲಿ ಉಷ್ಣತೆಯನ್ನು ಎರಡು ಮೂರು ಡಿಗ್ರಿ ಏರಿಸಿ ಮೂರು ದಿನ ಬಿಟ್ಟರೆ ಯೀಸ್ಟ್ ಅದನ್ನೂ ಅರಗಿಸುತ್ತದೆ. ಈ ಮೂರೂ ದೋಷಗಳಲ್ಲಿ ಬಿಯರನ್ನು ಬೇಗ ಬಾಟಲಿಗೆ ತುಂಬುವುದೇ ದೊಡ್ಡ ತಪ್ಪು.

ಉಗುರುಬಣ್ಣ ತೆಗೆಯುವ ದ್ರಾವಣದಂತೆ, ಗಂಟಲು ಸುಡುವ ಮದ್ಯದಂತೆ ಅನ್ನಿಸಿದರೆ ಹುದುಗು ಬಿಸಿಯಾಗಿ ನಡೆದಿದೆ. ಗೋಡೆಯ ಥರ್ಮಾಮೀಟರ್ 24 ತೋರಿಸಿದರೂ ಪಾತ್ರೆಯೊಳಗೆ ಅದಕ್ಕಿಂತ ಹಲವು ಡಿಗ್ರಿ ಹೆಚ್ಚಿರುತ್ತದೆ, ಹುದುಗು ತಾನೇ ಶಾಖ ಹುಟ್ಟಿಸುತ್ತದೆ. ಆದ್ದರಿಂದ ಪಾತ್ರೆಯ ಮೈಗೆ ಅಂಟಿಸುವ ಥರ್ಮಾಮೀಟರ್ ಬೇಕು. ಈ ರುಚಿಗೆ ಪೂರ್ಣ ಪರಿಹಾರವಿಲ್ಲ, ತಿಂಗಳುಗಳು ಕಳೆದರೆ ಕೊಂಚ ಮೃದುವಾಗಬಹುದು. ಮುಂದಿನ ಸಲ ಮೊದಲ ಮೂರು ನಾಲ್ಕು ದಿನ ಪಾತ್ರೆಯನ್ನು ನೀರಿನ ತೊಟ್ಟಿಯಲ್ಲಿ ನಿಲ್ಲಿಸಿ, ಹಿಮಗಟ್ಟಿಸಿದ ನೀರಿನ ಬಾಟಲಿಗಳನ್ನು ಬದಲಾಯಿಸುತ್ತಿರಿ.

ಆಸ್ಪತ್ರೆಯ ಬ್ಯಾಂಡೇಜನ್ನು ನೆನಪಿಸುವ ಔಷಧಿ ರುಚಿ ನೀರಿನ ಕ್ಲೋರಿನ್‌ನಿಂದ ಅಥವಾ ತೊಳೆಯದೆ ಉಳಿದ ಬ್ಲೀಚ್‌ನಿಂದ ಬರುತ್ತದೆ. ಒಮ್ಮೆ ಬಂದರೆ ಹೋಗುವುದಿಲ್ಲ. ನೀರನ್ನು ಕುದಿಸಿ ಆರಿಸಿದರೆ ಕ್ಲೋರಿನ್ ಹೋಗುತ್ತದೆ. ಕೆಲವೆಡೆ ನಲ್ಲಿ ನೀರಿಗೆ ಹಾಕುವ ಕ್ಲೋರಮಿನ್ ಹಾಗೆ ಸುಲಭವಾಗಿ ಹೋಗದು, ಅದಕ್ಕೆ 23 ಲೀಟರಿಗೆ ಅರ್ಧ ಕ್ಯಾಂಪ್‌ಡೆನ್ ಮಾತ್ರೆ ಪುಡಿಮಾಡಿ ಬೆರೆಸಬೇಕು. ಅದು ಸಲ್ಫೈಟ್ ಆದ್ದರಿಂದ ಅಸ್ತಮಾ ಇರುವವರು ಪುಡಿಯನ್ನು ಉಸಿರಾಡದಂತೆ ಎಚ್ಚರ ವಹಿಸಬೇಕು. ಒದ್ದೆ ರಟ್ಟಿನಂಥ ಸಪ್ಪೆ ರುಚಿ ಬಾಟಲಿ ತುಂಬುವಾಗ ಚಿಮ್ಮಿಸಿ ಗಾಳಿ ಸೇರಿಸಿದ್ದರ ಫಲ. ತಿಳಿಬಣ್ಣದ ಬಾಟಲಿಯನ್ನು ಬೆಳಕಿನಲ್ಲಿಟ್ಟರೆ ಹಾಪ್ಸಿನ ಕಹಿ ಅಂಶ ಒಡೆದು ಪ್ರಾಣಿಯ ಘಾಟಿನಂಥ ವಾಸನೆ ಹುಟ್ಟುತ್ತದೆ; ಕಂದು ಬಾಟಲಿ ಮತ್ತು ಕತ್ತಲೆ ಇದಕ್ಕೆ ಸಾಕು.

ಬಾಟಲಿಯಲ್ಲಿ ಗ್ಯಾಸ್ ಇಲ್ಲ

20 ಡಿಗ್ರಿಯಲ್ಲಿ ಎರಡು ವಾರ ಕಳೆದಿದೆಯೇ? ಇಲ್ಲವಾದರೆ ಮುಂದೆ ಓದುವ ಅಗತ್ಯವಿಲ್ಲ, ಕಾಯಿರಿ. ತುಂಬಿದ ಕೂಡಲೇ ಫ್ರಿಜ್‌ನಲ್ಲಿಟ್ಟಿದ್ದರೆ ಯೀಸ್ಟ್ ಕೆಲಸವನ್ನೇ ಆರಂಭಿಸಿರುವುದಿಲ್ಲ. ಹೊರತೆಗೆದು, ತಲೆಕೆಳಗೆ ಒಮ್ಮೆ ತಿರುಗಿಸಿ, ಬೆಚ್ಚಗಿನ ಜಾಗದಲ್ಲಿ ಹತ್ತು ದಿನ ಇಡಿ. ಕ್ರೌನ್ ಮುಚ್ಚಳ (ಅಂಚು ಒತ್ತಿ ಕೂರಿಸುವ ತಗಡಿನ ಮುಚ್ಚಳ) ಕೈಯಿಂದ ತಿರುಗುವಂತಿದ್ದರೆ ಅದು ಸರಿಯಾಗಿ ಕಚ್ಚಿಲ್ಲ, ಅನಿಲ ಸೋರಿದೆ. ಕೆಲವು ಬಾಟಲಿ ಸಪ್ಪೆ, ಕೆಲವು ಜೋರು ಎಂದಾದರೆ, ಗ್ಯಾಸ್ ಹುಟ್ಟಿಸಲು ಬಾಟಲಿ ತುಂಬುವಾಗ ಸೇರಿಸುವ ಸಕ್ಕರೆ ಸಮನಾಗಿ ಬೆರೆತಿಲ್ಲ. ಲೀಟರಿಗೆ 6ರಿಂದ 7 ಗ್ರಾಂ ಲೆಕ್ಕದಲ್ಲಿ ತೂಗಿದ ಸಕ್ಕರೆಯನ್ನು ಕುದಿಸಿ ಪಾಕ ಮಾಡಿ, ಅದರ ಮೇಲೆ ಬಿಯರನ್ನು ಹರಿಸಿ ಬೆರೆಸಿದರೆ ಈ ತಾರತಮ್ಯ ಇರುವುದಿಲ್ಲ. ಸಪ್ಪೆಯಾಗಿದೆಯೆಂದು ಬಾಟಲಿ ತೆರೆದು ಮತ್ತೆ ಸಕ್ಕರೆ ಹಾಕುವುದನ್ನು ಮಾತ್ರ ಮಾಡಬೇಡಿ: ಮೊದಲಿನ ಸಕ್ಕರೆ ಇನ್ನೂ ಉಳಿದಿದ್ದರೆ ಎರಡೂ ಸೇರಿ ಸ್ಫೋಟಕ್ಕೆ ದಾರಿಯಾಗುತ್ತದೆ.

ಬಾಟಲಿ ತೆರೆದರೆ ಉಕ್ಕುತ್ತದೆ, ಅಥವಾ ಒಂದು ಬಾಟಲಿ ಒಡೆದಿದೆ

ಈ ಕೈಪಿಡಿಯಲ್ಲಿ ಮೈಗೆ ಗಾಯ ಮಾಡಬಲ್ಲ ದೋಷಗಳಲ್ಲಿ ಇದು ಅತಿ ಗಂಭೀರವಾದದ್ದು. ಲೆಕ್ಕವನ್ನು ನೋಡಿ. ಲೀಟರಿಗೆ 4 ಗ್ರಾಂ ಸಕ್ಕರೆ ಹುದುಗಿದರೆ ಬಿಯರಿನ ಗಾತ್ರದಷ್ಟೇ ಅನಿಲ ಹುಟ್ಟುತ್ತದೆ. ಬಾಟಲಿ ತುಂಬುವಾಗಲೇ ಬಿಯರಿನಲ್ಲಿ ಅದರ ಮುಕ್ಕಾಲು ಪಾಲಿಗಿಂತ ಕೊಂಚ ಹೆಚ್ಚು ಅನಿಲ ಕರಗಿರುತ್ತದೆ, ಸಕ್ಕರೆಯಿಂದ ಬರುವುದೂ ಸೇರಿದರೆ ಒಟ್ಟು ಎರಡೂವರೆ ಪಟ್ಟು. ಅದು ಹಿತವಾದ ಮಟ್ಟ. 1.008ಕ್ಕೆ ಮುಗಿಯಬೇಕಾದ ಬಿಯರನ್ನು 1.014ರಲ್ಲೇ ತುಂಬಿದರೆ ಉಳಿದ ಆರು ಅಂಕಗಳಿಂದಲೇ (0.006) ಇನ್ನೂ ಮೂರು ಪಟ್ಟು ಅನಿಲ ಸೇರಿ, ಒತ್ತಡ ಎರಡರಷ್ಟನ್ನೂ ಮೀರುತ್ತದೆ. ಸಾಮಾನ್ಯ ಗಾಜಿನ ಬಾಟಲಿ ಅದನ್ನು ತಡೆಯುತ್ತದೆಂದು ನಂಬುವಂತಿಲ್ಲ.

ಕಾರಣ ತಿಳಿಯಲು ಯಾವ ಬಾಟಲಿಗಳು, ಯಾವಾಗ ಉಕ್ಕುತ್ತವೆ ಎಂಬುದನ್ನು ನೋಡಿ. ಎಲ್ಲ ಬಾಟಲಿಗಳೂ ಮೊದಲಿನಿಂದ ಒಂದೇ ರೀತಿ ಉಕ್ಕಿದರೆ ಸಕ್ಕರೆ ಹೆಚ್ಚಾಗಿದೆ ಅಥವಾ ಹುದುಗು ಮುಗಿಯುವ ಮುನ್ನ ತುಂಬಲಾಗಿದೆ. ಒಂದೆರಡು ಮಾತ್ರ ಉಕ್ಕಿದರೆ ಆ ಬಾಟಲಿಗಳು ಕೊಳಕಾಗಿದ್ದವು. ಮೊದಲ ತಿಂಗಳು ಚೆನ್ನಾಗಿದ್ದು ವಾರದಿಂದ ವಾರಕ್ಕೆ ಜೋರಾಗುತ್ತ, ರುಚಿ ತೆಳುವಾಗುತ್ತ ಹೋದರೆ ಕಾಡು ಯೀಸ್ಟಿನ ಸೋಂಕು. ತೆರೆದ ಬಾಟಲಿಯ ಬಿಯರನ್ನು ಅನಿಲ ಹೋಗುವಷ್ಟು ಕಲಕಿ ಅಳೆದರೆ ಇದು ಖಚಿತವಾಗುತ್ತದೆ: ತುಂಬಿದ ದಿನದ ಸಾಂದ್ರತೆಗಿಂತ ಸ್ಪಷ್ಟವಾಗಿ ಕೆಳಗಿದ್ದರೆ ಬಾಟಲಿಯೊಳಗೆ ಹುದುಗು ಮುಂದುವರಿದಿದೆ.

ಒಂದು ಬಾಟಲಿ ಒಡೆದಿದ್ದರೆ ಉಳಿದವೂ ಅದೇ ಒತ್ತಡದಲ್ಲಿವೆ ಎಂದೇ ತಿಳಿಯಬೇಕು. ಮಕ್ಕಳನ್ನೂ ಸಾಕುಪ್ರಾಣಿಗಳನ್ನೂ ಆ ಕೋಣೆಗೆ ಬಿಡಬೇಡಿ. ಕೋಣೆಯನ್ನು ತಂಪುಗೊಳಿಸಲು ಸಾಧ್ಯವಾದರೆ ತಂಪುಗೊಳಿಸಿ. ಉಷ್ಣತೆ ಇಳಿದಂತೆ ಅನಿಲ ಬಿಯರಿನಲ್ಲಿ ಕರಗಿ ಒತ್ತಡ ಇಳಿಯುತ್ತದೆ. ಹತ್ತಿರ ಹೋಗಲೇಬೇಕಾದರೆ ಮುಖವನ್ನು ಪೂರ್ತಿ ಮುಚ್ಚುವ ಕವಚ, ದಪ್ಪ ಕೈಗವಸು, ಉದ್ದ ತೋಳಿನ ದಪ್ಪ ಬಟ್ಟೆ, ಮುಚ್ಚಿದ ಬೂಟು ಧರಿಸಿ, ಮೊದಲು ಬಾಟಲಿಗಳ ಮೇಲೆ ದಪ್ಪ ಕಂಬಳಿ ಹೊದಿಸಿ. ಒಂದು ದಿನ ಪೂರ್ತಿ ಫ್ರಿಜ್‌ನಲ್ಲಿ ತಣಿದ ಬಾಟಲಿಯನ್ನು ಟವೆಲ್ ಸುತ್ತಿ, ಮುಚ್ಚಳವನ್ನು ಅಂಚಿನಲ್ಲಿ ಸ್ವಲ್ಪವೇ ಎತ್ತಿ ಅನಿಲ ಬಿಡಬಹುದು. ಅಷ್ಟು ರಕ್ಷಣೆ ನಿಮ್ಮ ಬಳಿ ಇಲ್ಲದಿದ್ದರೆ ಬಾಟಲಿಗಳನ್ನು ಮುಟ್ಟಬೇಡಿ. ಒಂದು ತಯಾರಿಯ ಬಿಯರಿಗಿಂತ ಕಣ್ಣು ದೊಡ್ಡದು. ಗಾಜಿನ ಚೂರು ಕಣ್ಣಿಗೆ ಹೊಕ್ಕರೆ ಉಜ್ಜದೆ, ಕೀಳದೆ, ಮೇಲೆ ಒತ್ತಡ ಬೀಳದಂತೆ ಮುಚ್ಚಿ ನೇರವಾಗಿ ಆಸ್ಪತ್ರೆಗೆ ಹೋಗಿ.

ಪ್ರತಿ ತಯಾರಿಯಲ್ಲೂ ಒಂದು ಪ್ಲಾಸ್ಟಿಕ್ ಬಾಟಲಿಯನ್ನು ತುಂಬುವ ಅಭ್ಯಾಸವನ್ನು ನಾನು ಬಿಟ್ಟಿಲ್ಲ. ಅದನ್ನು ದಿನವೂ ಹಿಚುಕಿ ನೋಡಿದರೆ ಗಾಜಿನ ಬಾಟಲಿಗಳ ಒಳಗಿನ ಸ್ಥಿತಿ ತಿಳಿಯುತ್ತದೆ. ಅದು ಕಲ್ಲಿನಂತೆ ಗಟ್ಟಿಯಾದ ದಿನವೇ ಉಳಿದವೆಲ್ಲ ಫ್ರಿಜ್ ಸೇರಬೇಕು.

ಬಿಯರ್ ಮಬ್ಬಾಗಿದೆ

ತಣ್ಣಗಿರುವಾಗ ಮಾತ್ರ ಮಬ್ಬಾಗಿ, ಬೆಚ್ಚಗಾದಂತೆ ತಿಳಿಯಾದರೆ ಅದು ಪ್ರೋಟೀನಿನ ಮಬ್ಬು, ರುಚಿಗೆ ಬಾಧೆಯಿಲ್ಲ. ಸದಾ ಮಬ್ಬಾಗಿದ್ದರೆ ಯೀಸ್ಟ್ ಇನ್ನೂ ತೇಲುತ್ತಿದೆ. ಕೆಲವು ದಿನ ಫ್ರಿಜ್‌ನಲ್ಲಿ ನೆಟ್ಟಗೆ ನಿಲ್ಲಿಸಿ, ತಳದ ಗಸಿ ಬಿಟ್ಟು ಬಗ್ಗಿಸಿಕೊಳ್ಳಿ. ಮಬ್ಬಿನ ಜೊತೆ ಹುಳಿ ಮತ್ತು ಲೋಳೆ ಸೇರಿದ್ದರೆ ಸೋಂಕಿನ ಭಾಗಕ್ಕೆ ಮರಳಿ ಹೋಗಿ.

ಅನುಭವಿಗಳನ್ನು ಕೇಳುವ ಮುನ್ನ

ಮೇಲಿನ ಪರೀಕ್ಷೆಗಳಾದ ಮೇಲೂ ಕಾರಣ ತಿಳಿಯದಿದ್ದರೆ ಅನುಭವಿಗಳ ನೆರವು ಕೇಳಿ. ಆದರೆ ಕಿಟ್ ಯಾವುದು, ಎಷ್ಟು ಸಕ್ಕರೆ, ಎಷ್ಟು ಲೀಟರ್, ಯೀಸ್ಟ್ ಹಾಕಿದ ದಿನ ಮತ್ತು ಆಗಿನ ಉಷ್ಣತೆ, ದಿನಾಂಕ ಸಹಿತ ಎಲ್ಲ ಸಾಂದ್ರತೆಯ ಓದುಗಳು, ಏನಿಂದ ತೊಳೆದಿರಿ ಎಂಬುದನ್ನು ಬರೆದುಕೊಂಡು ಹೋಗಿ. ಮೇಲ್ಮೈಯ ಫೋಟೊ ಇದ್ದರೆ ಇನ್ನೂ ಒಳ್ಳೆಯದು. ಇವಿಲ್ಲದೆ ಎಂಥ ನುರಿತವರೂ ಊಹೆಯನ್ನಷ್ಟೇ ಹೇಳಬಲ್ಲರು. ಬಿಯರ್ ಕುಡಿದ ಬಳಿಕ ದೃಷ್ಟಿ ಮಂಜಾಗುವುದು, ಎರಡೆರಡಾಗಿ ಕಾಣುವುದು, ನುಂಗಲು ಅಥವಾ ಮಾತಾಡಲು ಕಷ್ಟವಾಗುವುದು, ನಿಲ್ಲದ ವಾಂತಿ ಇಂಥ ಯಾವುದೇ ಲಕ್ಷಣ ಕಂಡರೆ ಬಿಯರಿನ ಪರೀಕ್ಷೆಯನ್ನು ಬಿಟ್ಟು ತಕ್ಷಣ ವೈದ್ಯರ ಬಳಿ ಹೋಗಿ, ಕುಡಿದದ್ದರ ಉಳಿಕೆಯನ್ನು ಮುಚ್ಚಿದ ಬಾಟಲಿಯಲ್ಲಿ ಜೊತೆಗೆ ಒಯ್ಯಿರಿ.